ತಂಗಿಯ ಎರಡು ಕಸಬು, ಮಾಸಿಯ ಸಣ್ಣ ಸ್ಟಾಂಪು

ಹೋದ ಸಲ ಲೆಸ್ಟರಿನಾಗ ದ್ವಾಸಿ ಹಿಟ್ಟು ಹುಳಿ ಬರಸಿದ ಕಥಿ ಬರದಿದ್ದೆ. ಅದನ್ನ ಓದಿ ಹಿಟ್ಟಿನ ಬಗ್ಗೆ ಕೇಳಿದವರು ಇಬ್ಬರ, ತಂಗಿಯ ಗಳಿಕಿ ಬಗ್ಗೆ ಕೇಳಿದವರು ಐದು ಮಂದಿ! "ಅಲ್ರೀ, ನಿಮ್ಮ ತಂಗಿ ಸಾಲ್ಯಾಗ ಕೆಲಸಾ ಮಾಡ್ತಾಳ, ಬ್ಲೌಸ್ ಹೊಲೀತಾಳ, ಮ್ಯಾಲೆ ಚಕ್ಲಿನೂ ಮಾರ್ತಾಳಂದ್ರ ಅಲ್ಲಿ ಸರಕಾರ ಸುಮ್ನ ಬಿಡ್ತದೇನು?" ಅಂತ ಹಿತ್ತಲ ಮನಿ ವೈನಿಯವರು ಕಂಪೌಂಡ್ ಮ್ಯಾಲಿಂದನ ಕೇಳಿದ್ರು. ಬಿಡಂಗಿಲ್ಲ ವೈನಿ. ಆದ್ರ ನಾವು ತಿಳ್ಕೊಂಡಂಗೂ ಇಲ್ಲ ಅದು. ಅದಕ್ಕ ಇವತ್ತು ಅಡಗಿ ಬಿಟ್ಟು ಇದನ್ನ ಬರೀಲಿಕ್ಕೆ ಕೂತೀನಿ.

2025ರ ಜೂನಿನಾಗ ನಾ ಅಲ್ಲಿದ್ದಾಗ ಒಂದಿನ ಮಧ್ಯಾಹ್ನ ತಂಗಿ ಒಂದು ಮಿಠಾಯಿ ಡಬ್ಬಿ ತಂದು ಟೇಬಲ್ ಮ್ಯಾಲೆ ಸುರುವಿದ್ಲು. ಒಳಗ ಬರೇ ಚೀಟಿ. ಲೈನಿಂಗ್ ಬಟ್ಟಿದು, ದಾರದ್ದು, ಅಕ್ಕಿ ಹಿಟ್ಟಿಂದು, ಎಣ್ಣಿ ಡಬ್ಬಿದು. ಅಲ್ಲಿ ವರ್ಷದ ಲೆಕ್ಕ ಏಪ್ರಿಲ್ 5ಕ್ಕ ಮುಗೀತದ. ಆ ವರ್ಷದ ರಿಟರ್ನ್ ಮುಂದಿನ ಜನವರಿ 31ರ ಒಳಗ ಕಂಪ್ಯೂಟರಿನಾಗ ತುಂಬಬೇಕು. ಬ್ಲೌಸಿನ ಲೆಕ್ಕ ಆಕಿ ನಾಕು ವರ್ಷದಿಂದ ತುಂಬ್ಲಿಕ್ಕೆ ಹತ್ಯಾಳ. ಚಕ್ಲಿ-ಶಂಕರಪಾಳಿ ಆರ್ಡರ್ ತೊಗೊಳ್ಳಿಕ್ಕೆ ಶುರು ಮಾಡಿದ್ದು ಮಾತ್ರ ಅದೇ ವರ್ಷ.

"ಅಕ್ಕಾ, ಚಕ್ಲಿ ರೊಕ್ಕ ತೋರ್ಸೋದ ಬ್ಯಾಡ ಅಂತೀನಿ. ಎರಡನೇ ಕಸಬು ತೋರಿಸಿದ್ರ ಮತ್ತೊಮ್ಮೆ ಹೆಸರು ಹಚ್ಚಬೇಕು, ಎರಡೆರಡು ಸಲ ಎನ್‌ಐ ಕಟ್ಟಬೇಕಾಗ್ತದಂತ. ಸಾಲ್ಯಾಗ ಒಬ್ಬಾಕಿ ಹೇಳಿದ್ಲು."

ಎನ್‌ಐ ಅಂದ್ರ ನ್ಯಾಷನಲ್ ಇನ್ಶೂರನ್ಸ್. ಅದು ಇನ್‌ಕಮ್ ಟ್ಯಾಕ್ಸ್ ಅಲ್ಲ, ಅದರ ಜೋಡಿ ಕಟ್ಟೋ ಬ್ಯಾರೆ ವಂತಿಗಿ. ಎಷ್ಟು ವರ್ಷದ ವಂತಿಗಿ ನಿಮ್ಮ ಹೆಸರಿಗೆ ಬಿದ್ದದ ಅನ್ನೋದರ ಮ್ಯಾಲೆ ಮುಪ್ಪಿನಾಗ ಸರಕಾರಿ ಪೆನ್ಷನ್ ಬರ್ತದ.

ಆ ಹೊತ್ತಿಗೆ ಬಾಜೂ ಮನಿ ಗುಜರಾತಿ ಮಾಸಿ ಚಾಕ್ಕ ಬಂದಿದ್ರು. 1972ರಾಗ ಇದಿ ಅಮೀನ್ ಯುಗಾಂಡಾದಿಂದ ನಮ್ಮ ಮಂದಿನ್ನ ಹೊರಗ ಹಾಕಿದಾಗ ಗಂಡನ ಜೋಡಿ ಬಂದು ಲೆಸ್ಟರಿನಾಗ ನೆಲಿ ನಿಂತವರು. ಈಗ 77 ವಯಸ್ಸು. ಅವರಿಗೆ ಕನ್ನಡ ಬರಂಗಿಲ್ಲ, ಆದ್ರ 'ಎನ್‌ಐ' ಅನ್ನೋ ಮಾತು ಕಿವಿಗೆ ಬಿತ್ತು. ಹಿಂದಿಯೊಳಗ ಕೇಳಿದ್ರು, ಏನು ನಡದದ ಅಂತ. ತಂಗಿ ಹೇಳಿದ್ಲು. ಮಾಸಿ ಕಪ್ಪು ಕೆಳಗಿಟ್ಟು, "ಬೇಟಿ, ನಾನು 1973ರಾಗ ಒಂದು ಕಾಗದದ ಮ್ಯಾಲೆ ಸಹಿ ಮಾಡೀನಿ. ಅದರ ಲುಕ್ಸಾನು ಇವತ್ತಿಗೂ ವಾರಾ ವಾರಾ ಎಣಸ್ತೀನಿ" ಅಂದ್ರು.

ಆ ಸಹಿ ಯಾವುದು, ಅದನ್ನ ಯಾಕ ಮಾಡಿಸಿದ್ರು ಅಂತ ತಿಳ್ಕೊಳ್ಳಿಕ್ಕೆ ನಾ ಮುಂದಿನ ಎರಡು ವಾರ ಅಲ್ಲಿಯ ಲೈಬ್ರರಿಗೆ ಎಡತಾಕಿದೆ. ತಂಗಿ ಮಗ ಜೋಡಿಗಿದ್ದ, ತಿಳಿಯದ ಇಂಗ್ಲಿಷ್ ಅವನ ಬಿಡಿಸಿ ಹೇಳ್ತಿದ್ದ. ಪಿಯುಸಿಯೊಳಗ ಹಿಸ್ಟರಿ ನನ್ನ ಪ್ರೀತಿಯ ವಿಷಯ ಇತ್ತು, ಮದುವಿ ಆದ ಮ್ಯಾಲೆ ಬಿಟ್ಟದ್ದು ಬಿಟ್ಟಂಗ ಉಳಿದಿತ್ತು.

ಟ್ಯಾಕ್ಸಿನಿಂದನ ಶುರು ಮಾಡೋಣ. ಇಂಗ್ಲಂಡಿನಾಗ ಇನ್‌ಕಮ್ ಟ್ಯಾಕ್ಸ್ ಹುಟ್ಟಿದ್ದು 1799ರಾಗ. ಫ್ರಾನ್ಸ್ ಜೋಡಿ ಯುದ್ಧ ನಡದಿತ್ತು, ಖಜಾನಿ ಬರಿದಾಗಿತ್ತು, ಪ್ರಧಾನಿ ವಿಲಿಯಂ ಪಿಟ್ ಇದನ್ನ ತಂದ. ವರ್ಷಕ್ಕ 200 ಪೌಂಡ್ ದಾಟಿದವರು 100ಕ್ಕ 10 ಕೊಡಬೇಕು, 60ಕ್ಕಿಂತ ಕಡಿಮಿ ಇದ್ದವರಿಗೆ ಮಾಫಿ. 1803ರಾಗ ಗಳಿಕಿಯನ್ನ ಎ, ಬಿ, ಸಿ, ಡಿ, ಇ ಅಂತ ಐದು ಖಾನೆ ಮಾಡಿದ್ರು, ನಮ್ಮ ಮಸಾಲಿ ಡಬ್ಬಿ ಇದ್ದಂಗ. ವ್ಯಾಪಾರ-ಕಸಬಿನ ಲಾಭ ಡಿ ಖಾನೆಯೊಳಗ, ಸರಕಾರಿ ಹುದ್ದೆಯ ಪಗಾರ ಇ ಖಾನೆಯೊಳಗ. ನೌಕರಿ ಬ್ಯಾರೆ, ಸ್ವಂತ ಕಸಬು ಬ್ಯಾರೆ ಅನ್ನೋದು ಅಲ್ಲಿಂದ ಬಂದದ್ದು. 1816ರಾಗ, ಯುದ್ಧ ಮುಗಿದ ಮ್ಯಾಲೆ, ಮಂದಿ ಎಷ್ಟು ಬ್ಯಾಸತ್ತಿದ್ರಂದ್ರ ಟ್ಯಾಕ್ಸ್ ತಗದು ಹಾಕಿದ್ದಲ್ಲದ ಅದರ ದಾಖಲೆಗಳನ್ನೂ ನಾಶ ಮಾಡ್ರಿ ಅಂತ ಪಾರ್ಲಿಮೆಂಟ್ ಹೇಳಿತು. ಆದ್ರ 1842ರಾಗ ರಾಬರ್ಟ್ ಪೀಲ್ ಅದನ್ನ ಮತ್ತ ತಂದ, ಪೌಂಡಿಗೆ 7 ಪೆನ್ಸ್, 'ಸ್ವಲ್ಪ ದಿನದ ಮಟ್ಟಿಗೆ' ಅಂತ. ಇವತ್ತಿಗೂ ಕಾಗದದ ಮ್ಯಾಲೆ ಅದು ತಾತ್ಪೂರ್ತಿಕ ಟ್ಯಾಕ್ಸೇ, ವರ್ಷಾ ವರ್ಷಾ ಹೊಸದಾಗಿ ಪಾಸ್ ಮಾಡ್ತಾರ.

ಅದೇ ಟ್ಯಾಕ್ಸ್ ನಮ್ಮ ದೇಶಕ್ಕೂ ಬಂತು. 1857ರ ದಂಗೆಯ ಖರ್ಚು ತುಂಬಲಿಕ್ಕೆ 1860ರಾಗ ಜೇಮ್ಸ್ ವಿಲ್ಸನ್ ಅನ್ನಾಂವ ಕಲ್ಕತ್ತಾಕ್ಕ ಬಂದು ಹಚ್ಚಿ, ಅದೇ ವರ್ಷ ಆಗಸ್ಟಿನಾಗ ಅಲ್ಲೇ ಭೇದಿ ಆಗಿ ತೀರಿಕೊಂಡ. ಅಂವ ಹೋದ, ಟ್ಯಾಕ್ಸ್ ಉಳೀತು.

ಏಪ್ರಿಲ್ 5ರ ಕಥಿ ಇನ್ನೂ ಮಜಾ ಅದ. ಮೊದಲ ಅವರ ಹೊಸ ವರ್ಷ ಮಾರ್ಚ್ 25ಕ್ಕ ಬರ್ತಿತ್ತು, ಬಾಡಿಗಿ-ಲೆಕ್ಕ ಎಲ್ಲಾ ಆವತ್ತ ತೀರಸ್ತಿದ್ರು. 1752ರಾಗ ಪಂಚಾಂಗ ಸರಿ ಮಾಡ್ಲಿಕ್ಕೆ ಹೋಗಿ 11 ದಿನ ತಗದು ಹಾಕಿದ್ರು. ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಎದ್ದಾಗ 14ನೇ ತಾರೀಖು! ದಿನಾ ಕಳದ್ರೂ ಸರಕಾರ ವಸೂಲಿ ಕಳಕೊಳ್ಳಿಕ್ಕೆ ತಯಾರ ಇರಲಿಲ್ಲ, ಲೆಕ್ಕದ ದಿನಾನ 11 ದಿನ ಮುಂದ ದೂಡಿ ಏಪ್ರಿಲ್ 5 ಮಾಡಿತು. ನಮ್ಮ ತಂಗಿ ಚೀಟಿ ಹುಡುಕೋದು ಆ ತಾರೀಖಿನ ಪ್ರಕಾರ.

ಇದರೊಳಗ ಹೆಂಗಸರ ಜಾಗಾ ಎಲ್ಲಿತ್ತು? ಗಂಡನ ಫಾರ್ಮಿನಾಗ. ಲಗ್ನ ಆದ ಹೆಂಗಸಿನ ಗಳಿಕಿ ಗಂಡನ ಗಳಿಕಿ ಅಂತನ ಟ್ಯಾಕ್ಸಿನ ಕಾಯ್ದೆ ಹೇಳ್ತಿತ್ತು. 1870 ಮತ್ತ 1882ರ ಕಾಯ್ದೆಗಳು ಹೆಂಗಸಿನ ಪಗಾರ, ಆಸ್ತಿ ಆಕಿದೇ ಅಂತ ಒಪ್ಪಿದ ಮ್ಯಾಲೂ ಟ್ಯಾಕ್ಸಿನ ಮಂದಿ ಒಪ್ಪಲಿಲ್ಲ. ಹೆಂಡತಿ ಟೋಪಿ ಹೊಲದು ಎಷ್ಟು ಗಳಿಸಿದ್ಲು ಅಂತ ಬರಿಯಾಂವ ಗಂಡ. ಇದು ಬದಲಾದದ್ದು ಯಾವಾಗ ಗೊತ್ತೇನ್ರಿ? 1990ರ ಏಪ್ರಿಲಿನಾಗ! ನನ್ನ ಪಿಯುಸಿ ಮುಗಿದು ಎಷ್ಟೋ ದಿನ ಆಗಿತ್ತು. ಅಷ್ಟು ಮುಂದುವರದ ದೇಶದಾಗ ಅಲ್ಲಿತನಕ ಹೆಂಡತಿಗೆ ತನ್ನದ ಅಂತ ಬ್ಯಾರೆ ಟ್ಯಾಕ್ಸ್ ಲೆಕ್ಕ ಇರಲಿಲ್ಲ ಅಂದ್ರ ನಂಗ ನಂಬಿಕಿ ಬರಲಿಲ್ಲ, ಎರಡು ಪುಸ್ತಕದಾಗ ನೋಡಿದ ಮ್ಯಾಲೆ ನಂಬಿದೆ.

ಇನ್ನ ಎನ್‌ಐ. ಇದು 1911ರ ಕೂಸು. ತಂದಾಂವ ಲಾಯ್ಡ್ ಜಾರ್ಜ್, ಆಗ ಹಣಕಾಸಿನ ಮಂತ್ರಿ. ಜರ್ಮನಿಯೊಳಗ ಬಿಸ್ಮಾರ್ಕ್ 1883ರಾಗನ ಜಡ್ಡಿನ ವಿಮಾ ಮಾಡಿದ್ದ. ಲಾಯ್ಡ್ ಜಾರ್ಜ್ 1908ರಾಗ ಅಲ್ಲಿಗೆ ಹೋಗಿ ನೋಡಿ ಬಂದ. ದುಡಿಯಾಂವ ವಾರಕ್ಕ 4 ಪೆನ್ಸ್, ಮಾಲಕ 3, ಸರಕಾರ 2 ಹಾಕೋದು. 4 ಕೊಟ್ಟು 9 ತೊಗೊಳ್ರಿ ಅಂತ ಅದರ ಪ್ರಚಾರ. ಹೆಂಗಸರಿಗೆ 3 ಪೆನ್ಸ್. ಜಡ್ಡು ಬಿದ್ರ ಗಂಡಸಿಗೆ ವಾರಕ್ಕ 10 ಶಿಲಿಂಗ್, ಹೆಂಗಸಿಗೆ ಏಳೂವರೆ. ಬಾಣಂತನಕ್ಕ 30 ಶಿಲಿಂಗ್ ಬರ್ತಿತ್ತು, ಆದ್ರ ಮೊದಲ ಅದು ಹಡದಾಕಿ ಕೈಗೆ ಸಿಗೋದು ಗ್ಯಾರಂಟಿ ಇರಲಿಲ್ಲ. ವಿಮಾ ಗಂಡನ ಹೆಸರಿಲೆ ಇದ್ರ ರೊಕ್ಕನೂ ಗಂಡಂದು. ಸಹಕಾರಿ ಸಂಘದ ಹೆಣ್ಣುಮಕ್ಕಳು, ವಿಮೆನ್ಸ್ ಕೋ-ಆಪರೇಟಿವ್ ಗಿಲ್ಡ್ ಅಂತ, ಗದ್ದಲ ಹಾಕಿ 1913ರಾಗ ಅದು ತಾಯಿದೇ ಅಂತ ಬರಸಿದ್ರು. ಬಾಣಂತಿಗೆ ಅಂಟಿನುಂಡಿ ಮಾಡಿದವರಿಗೆ ಇದರ ಬೆಲಿ ತಿಳೀತದ.

ವಂತಿಗಿ ಕಟ್ಟೋ ರೀತಿ ಹೆಂಗಂದ್ರ, ಪೋಸ್ಟ್ ಆಫೀಸಿನಾಗ ಸ್ಟಾಂಪು ಕೊಂಡು ಒಂದು ಕಾರ್ಡಿಗೆ ವಾರಕ್ಕೊಂದು ಹಚ್ಚೋದು. 1912ರ ಜುಲೈ 15ಕ್ಕ ಶುರು ಆತು. ಮನಿಗೆಲಸದವರಿಗೂ ಹಚ್ಚಬೇಕಿತ್ತು, ಹಚ್ಚಬೇಕಾದಾಕಿ ಮನಿ ಯಜಮಾನತಿ. ನಾವು ಕೆಲಸದಾಕಿ ಸಲುವಾಗಿ ಸ್ಟಾಂಪು ನೆಕ್ಕಬೇಕೇನು ಅಂತ ಶ್ರೀಮಂತ ಹೆಂಗಸರು ಸಿಟ್ಟಿಗೆದ್ದು 1911ರ ನವೆಂಬರಿನಾಗ ಲಂಡನ್ನಿನ ಆಲ್ಬರ್ಟ್ ಹಾಲಿನಾಗ ದೊಡ್ಡ ಸಭಾ ಮಾಡಿದ್ರು. ಓದಿ ನಾನೂ ತಂಗಿ ಮಗನೂ ನಕ್ಕು ಲೈಬ್ರರಿಯೊಳಗ ಬೈಸ್ಕೊಂಡ್ವಿ.

ಈ 1911ರ ಯೋಜನಾದಾಗ ಒಂದು ದೊಡ್ಡ ತೂತು ಇತ್ತು. ಮಾಲಕ ಇದ್ದವರಿಗೆ ಮಾತ್ರ ಅದು. ಮನ್ಯಾಗ ಕೂತು ಹೊಲದು ಮಾರಾಕಿ, ಗಾಡಿ ಮ್ಯಾಲೆ ಕಾಯಿಪಲ್ಯಾ ಮಾರಾಂವ, ತಮ್ಮ ಕಸಬು ತಾವ ಮಾಡೋರಿಗೆ 3 ಪೆನ್ಸ್ ಕೂಡಸೋ ಮಾಲಕ ಎಲ್ಲಿಂದ ಬರಬೇಕು? ಅವರನ್ನ ಹೊರಗ ಬಿಟ್ರು. ಮೂವತ್ತೇಳು ವರ್ಷ ಹೊರಗೇ ಇದ್ರು.

ಒಳಗ ಕರದಾಂವ ವಿಲಿಯಂ ಬೆವರಿಜ್. ಈ ಮನಷ್ಯಾ ಹುಟ್ಟಿದ್ದು ನಮ್ಮ ಕಡೆನ, 1879ರಾಗ ಬಂಗಾಳದ ರಂಗಪುರದಾಗ. ಈಗದು ಬಾಂಗ್ಲಾದೇಶದೊಳಗದ. ಅಪ್ಪ ಹೆನ್ರಿ ಬೆವರಿಜ್ ಇಲ್ಲಿ ಜಡ್ಜ್ ಇದ್ದ. ಅವ್ವ ಆನೆಟ್ ಆಕ್ರಾಯ್ಡ್ ಲಗ್ನಕ್ಕಿಂತ ಮೊದಲ ಒಬ್ಬಾಕಿನ ಕಲ್ಕತ್ತಾಕ್ಕ ಬಂದು 1873ರಾಗ ಹೆಣ್ಣುಮಕ್ಕಳ ಸಾಲಿ, ಹಿಂದು ಮಹಿಳಾ ವಿದ್ಯಾಲಯ, ತಗದಾಕಿ. ಆಮ್ಯಾಲೆ ಫಾರ್ಸಿ, ತುರ್ಕಿ ಭಾಷಾ ಕಲತು ಗುಲ್‌ಬದನ್ ಬೇಗಂ ಬರದ ಹುಮಾಯೂನನ ಕಥಿ, ಮತ್ತ ಬಾಬರನ ಆತ್ಮಕಥಿ ಇಂಗ್ಲಿಷಿಗೆ ಮಾಡಿದ್ಲು. ಅಂಥಾ ಅವ್ವನ ಮಗ ಹೆಂಗಸರ ಬಗ್ಗೆ ಏನು ಬರದಾನು ಅಂತ ಆಸೆಯಿಂದ ಮುಂದ ಓದಿದೆ.

ಯುದ್ಧದ ನಡುವ, 1942ರ ಡಿಸೆಂಬರಿನಾಗ ಅವನ ವರದಿ ಹೊರಗ ಬಂತು. ಬಡತನ, ರೋಗ, ಅಜ್ಞಾನ, ಹೊಲಸು, ಕೆಲಸಿಲ್ಲದಿರೋದು ಅಂತ ಐದು ರಾಕ್ಷಸರನ್ನ ಹೊಡೀಬೇಕು ಅಂದ. ವರದಿ ಕೊಳ್ಳಲಿಕ್ಕೆ ಮಂದಿ ಪಾಳಿ ಹಚ್ಚಿದ್ರಂತ. ದೇಶದ ಮಂದಿನ್ನೆಲ್ಲಾ ಆರು ಕ್ಲಾಸ್ ಮಾಡಿದ್ದ. ನೌಕರದಾರರು ಮೊದಲನೇದು, ಸ್ವಂತ ಕಸಬಿನವರು ಎರಡನೇದು, ಮೂರನೇದು ಗೃಹಿಣಿಯರು! ಒಂದು ದೇಶದ ವಿಮಾ ಲೆಕ್ಕದಾಗ ನಮಗಂತನ ಒಂದು ಕ್ಲಾಸು. ಮನ್ಯಾಗಿನ ಹೆಂಗಸು ರೊಕ್ಕ ಇಲ್ಲದ ಮಾಡೋ ಕೆಲಸ ದೇಶಕ್ಕ ಬೇಕೇ ಬೇಕು ಅಂತ ಒಪ್ಪಿದ್ದ. ಅಲ್ಲಿತನಕ ಓದಿ ನಂಗ ಭಾಳ ಖುಷಿ ಆಗಿತ್ತು. ಆಮ್ಯಾಲೆ ನೋಡಿದ್ರ, ಗಂಡ-ಹೆಂಡತಿ ಒಂದು ಜೋಡಿ, ಗಂಡನ ವಂತಿಗಿನ ಇಬ್ಬರಿಗೂ ಸಾಕು, ಹೆಂಡತಿ ಹೊರಗ ದುಡದ್ರೂ ತಂದು ತಾ ಕಟ್ಟೋದು ಬ್ಯಾಡ ಅಂದ್ರ ಬಿಡಬಹುದು ಅಂತ ಬರದಾನ. ಮರುವರ್ಷ, 1943ರಾಗ, ಎಲಿಜಬೆತ್ ಆಬಟ್, ಕ್ಯಾಥರಿನ್ ಬೊಂಪಾಸ್ ಅನ್ನೋ ಇಬ್ಬರು ಹೆಂಗಸರು ಒಂದು ಸಣ್ಣ ಪುಸ್ತಕ ಬರದು, ಲಗ್ನ ಆದಾಕಿನೂ ಒಬ್ಬ ಮನಷ್ಯಾಳ, ಆಕಿ ಹೆಸರಿಲೆನ ವಿಮಾ ಇರಬೇಕು ಅಂತ ವಾದಾ ಮಾಡಿದ್ರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

1946ರಾಗ ಕಾಯ್ದೆ ಆತು, 1948ರ ಜುಲೈ 5ಕ್ಕ ಜಾರಿಗೆ ಬಂತು. ಆರು ಕ್ಲಾಸು ಹೋಗಿ ಮೂರು ಉಳದ್ವು. ಕ್ಲಾಸ್ 1 ನೌಕರದಾರರು, ಕ್ಲಾಸ್ 2 ಸ್ವಂತ ಕಸಬಿನವರು, ಕ್ಲಾಸ್ 3 ಉಳಿದವರು. ಕ್ಲಾಸ್ 2ರವರಿಗೆ ಪೆನ್ಷನ್, ಜಡ್ಡಿನ ರೊಕ್ಕ ಉಂಟು, ಕೆಲಸ ಹೋದ್ರ ಕೊಡೋ ಭತ್ತೆ ಇಲ್ಲ. ವಂತಿಗಿ ಕಟ್ಟೋದು ವಾರಕ್ಕ ಒಂದು ಸ್ಟಾಂಪು. ನಮ್ಮ ಮುಖ್ಯ ಪ್ರಶ್ನೆಗೆ ಅರ್ಧಾ ಉತ್ತರ ಇಲ್ಲೇ ಅದ ನೋಡ್ರಿ. ಸ್ಟಾಂಪು ಹಚ್ಚೋದು ಅಂಗಡಿಗಲ್ಲ, ಮನಷ್ಯಾಗ. ಒಬ್ಬಾಂವ ಬೆಳಿಗ್ಗೆ ಹಾಲು ಮಾರಿ ಸಂಜಿಕ್ಕ ಗಡಿಯಾರ ರಿಪೇರಿ ಮಾಡಿದ್ರೂ ಅವನ ಕಾರ್ಡು ಒಂದ, ವಾರದ ಸ್ಟಾಂಪು ಒಂದ.

ಮತ್ತ ಮಾಸಿಯ ಸಹಿ? ಬೆವರಿಜ್ ಬಿಟ್ಟ ಆ ಸಂದಿನ ಅದು. ಲಗ್ನ ಆಗಿ ನೌಕರಿ ಮಾಡಾಕಿ ಒಂದು ಫಾರ್ಮಿಗೆ ಸಹಿ ಹಾಕಿದ್ರ ಪೂರ್ತಿ ವಂತಿಗಿ ಬದಲಿಗೆ ಪುಡಿಗಾಸಿನ ವಂತಿಗಿ ಕಟ್ಟಬಹುದಿತ್ತು. ಮಂದಿ ಬಾಯಾಗ ಅದು 'ಸಣ್ಣ ಸ್ಟಾಂಪು'. ಸ್ವಂತ ಕಸಬಿನಾಕಿ ಆದ್ರ ಏನೂ ಕಟ್ಟೋದ ಬ್ಯಾಡ. ಮಾಸಿ ಮೋಜಾ-ಬನಿಯನ್ ನೇಯೋ ಒಂದು ಫ್ಯಾಕ್ಟರಿಗೆ ಸೇರಿದಾಗ ಬಾಜೂ ಮಶೀನಿನ ಹೆಂಗಸರೆಲ್ಲಾ ಅದನ್ನ ಹಾಕಿದ್ರು, ಇವರೂ ಹಾಕಿದ್ರು. 1975ರಾಗ ಪೂರ್ತಿ ವಂತಿಗಿ ಪಗಾರದ 100ಕ್ಕ ಐದೂವರೆ ಇತ್ತು, ಸಣ್ಣದು 2. ಆ ಮೂರೂವರೆ ಪೌಂಡ್ ಆಗ ಮಕ್ಕಳ ಬೂಟಿಗೆ ಆಗ್ತಿತ್ತು ಅಂದ್ರು ಮಾಸಿ. 1977ರಿಂದ ಹೊಸಬರಿಗೆ ಈ ಸಹಿ ಬಂದ್ ಆತು, ಹಾಕಿದವರದು ಮುಂದುವರೀತು. ತಿರುಗಿ ತೊಗೊಳ್ಳಲಿಕ್ಕೆ ಬರ್ತಿತ್ತು, ಆದ್ರ ತೊಗೊಳ್ರಿ ಅಂತ ಅವರಿಗೆ ಯಾರೂ ಹೇಳಲಿಲ್ಲ. 1978ರಾಗ ಮಕ್ಕಳನ್ನ ನೋಡ್ಕೊಳ್ಳೋ ತಾಯಂದಿರ ಪೆನ್ಷನ್ ಕಾಯಲಿಕ್ಕೆ ಒಂದು ಸವಲತ್ತು ಬಂತು, ಸಣ್ಣ ಸ್ಟಾಂಪಿನವರಿಗೆ ಅದೂ ಇಲ್ಲ. ಇಪ್ಪತ್ತು ವರ್ಷದ ಮ್ಯಾಲೆ ಮಶೀನ್ ತುಳದು 60 ತುಂಬಿ ಪೆನ್ಷನ್ ಕೇಳಿದ್ರ, ನಿಮ್ಮ ಹೆಸರಿಗೆ ವರ್ಷಗಳ ಇಲ್ಲ, ಯಜಮಾನರ ದಾಖಲಿ ಮ್ಯಾಲೆ ಅವರ ಮೂಲ ಪೆನ್ಷನ್ನಿನ 100ಕ್ಕ 60 ಕೊಡ್ತೀವಿ ಅಂದ್ರಂತ. ಯಜಮಾನರೂ ದುಡದದ್ದು ಅಷ್ಟ ವರ್ಷ. ಅವರಿಗೆ 100, ಇವರಿಗೆ 60.

ನಾವಿಬ್ಬರೂ ಸುಮ್ನಾದ್ವಿ. ನಂಗ ನನ್ನ ಹಪ್ಪಳ ನೆನಪಾತು. ಹನ್ನೊಂದು ವರ್ಷ ಓಣಿಗೆಲ್ಲಾ ಹಪ್ಪಳ-ಸಂಡಿಗಿ ಮಾಡಿ ಕೊಟ್ಟೀನಿ, ಸಾಸಿವಿ ಡಬ್ಬಿಯೊಳಗಿಂದ ಆ ರೊಕ್ಕ ಯಾವಾಗ ಬಂತು, ಯಾವಾಗ ಹೋತು, ಒಂದು ಚೀಟಿ ಇಲ್ಲ.

ಇನ್ನ ಉಳಿದ ಅರ್ಧಾ ಉತ್ತರ. 1975ರ ಏಪ್ರಿಲಿನಾಗ ಸ್ವಂತ ಕಸಬಿನವರಿಗೆ ಕ್ಲಾಸ್ 2 ಸ್ಟಾಂಪಿನ ಮ್ಯಾಲೆ ಕ್ಲಾಸ್ 4 ಅಂತ ಇನ್ನೊಂದು ಹಚ್ಚಿದ್ರು. ಇದು ಲಾಭದ ಮ್ಯಾಲೆ, ಶೇಕಡಾ ಲೆಕ್ಕ, ಮತ್ತ ಇದರಿಂದ ಪೆನ್ಷನ್ ಒಂದು ಪೈಸಾನೂ ಹೆಚ್ಚಾಗಂಗಿಲ್ಲ. ಅದು ಬರ್ತದಂತ ಗೊತ್ತಾದ ಕೂಡ್ಲೆ, 1974ರಾಗ, ನಾರ್ಮನ್ ಸ್ಮಾಲ್ ಅನ್ನಾಂವ ಸಣ್ಣ ಕಸಬಿನವರನ್ನ ಕೂಡಿಸಿ ಒಂದು ಸಂಘಾನ ಕಟ್ಟಿದ. ಸಂಘ ಇವತ್ತಿಗೂ ಅದ, ಕ್ಲಾಸ್ 4ನೂ ಅದ. 2017ರ ಬಜೆಟ್ಟಿನಾಗ ಹಣಕಾಸು ಮಂತ್ರಿ ಫಿಲಿಪ್ ಹ್ಯಾಮಂಡ್ ಅದನ್ನ 9ರಿಂದ 11ರ ತನಕ ಏರಸ್ತೀನಿ ಅಂದು, ಮಂದಿ ಗದ್ದಲಕ್ಕ ಒಂದು ವಾರದಾಗ ಮಾತು ವಾಪಸ್ ತೊಗೊಂಡ.

ಕ್ಲಾಸ್ 4 ಲೆಕ್ಕಾ ಮಾಡುವಾಗ ಒಬ್ಬರ ಎಲ್ಲಾ ಕಸಬಿನ ಲಾಭ ಕೂಡಿಸಿ ಮಾಡ್ತಾರ. ಕಸಬು ಎರಡಿದ್ರ ಎರಡು ಸಲ ಅಲ್ಲ. ರಿಟರ್ನಿನಾಗ ಪ್ರತಿ ಕಸಬಿಗೆ ಬ್ಯಾರೆ ಪುಟ, ಬ್ಯಾರೆ ಖರ್ಚು, ಆದ್ರ ಹೆಸರು ಒಂದ, ನಂಬರ್ ಒಂದ. ಮೊದಲ ಹೆಸರು ಹಚ್ಚಿದ್ರ ಎರಡನೇದಕ್ಕ ಟ್ಯಾಕ್ಸಿನ ಆಫೀಸಿನಾಗ ಮತ್ತ ಹಚ್ಚೋದೂ ಬ್ಯಾಡ. ಪೂರ್ತಿ ಹೊಸದಾಗಿ ಕಸಬು ಶುರು ಮಾಡಿದವರು ಮಾತ್ರ ಆ ವರ್ಷ ಮುಗಿದ ಮ್ಯಾಲೆ ಬರೋ ಅಕ್ಟೋಬರ್ 5ರ ಒಳಗ ಹಚ್ಚಬೇಕು. (ತಿನ್ನೋ ಪದಾರ್ಥ ಮಾರೋದಾದ್ರ ಊರಿನ ಕೌನ್ಸಿಲ್ಲಿಗೆ 28 ದಿನ ಮೊದಲ ಹೇಳಬೇಕು. ಅದು ಬ್ಯಾರೆ, ಅದಕ್ಕ ರೊಕ್ಕ ಇಲ್ಲ. ತಂಗಿ ಅದನ್ನ ಮಾಡಿದ್ಲು, ಅಡಗಿಮನಿ ನೋಡ್ಲಿಕ್ಕೆ ಬಂದಾಕಿಗೆ ಚಕ್ಲಿ ತಿನಿಸಲಿಕ್ಕೂ ಹೋಗಿದ್ಲು, ಆಕಿ ಬ್ಯಾಡ ಅಂದ್ಲಂತ.) 2017ರಿಂದ 1,000 ಪೌಂಡ್ ತನಕದ ಸಣ್ಣ ವ್ಯಾಪಾರಕ್ಕ ಮಾಫಿ ಅದ. ಅದೂ ಮನಷ್ಯಾಗ ಒಂದು, ಕಸಬಿಗೊಂದಲ್ಲ. ಬ್ಲೌಸಿಗೆ 1,000, ಚಕ್ಲಿಗೆ 1,000 ಅಂತ ಹಿಡಿದ್ರ ತಪ್ಪಾಗ್ತದ.

ಇಲ್ಲಿ ಇನ್ನೊಂದು ವಿಚಿತ್ರ ಅದ. ಬ್ಯಾರೆ ಬ್ಯಾರೆ ಮಾಲಕರ ಹತ್ರ ಎರಡು ಸಣ್ಣ ನೌಕರಿ ಇದ್ರ ಎನ್‌ಐ ಲೆಕ್ಕಕ್ಕ ಅವನ್ನ ಕೂಡಸಂಗಿಲ್ಲ. ಒಂದೊಂದನ್ನ ಬ್ಯಾರೆನ ನೋಡ್ತಾರ. 2024-25ರಾಗ ಒಂದು ನೌಕರಿಯಿಂದ ವಾರಕ್ಕ 123 ಪೌಂಡ್ ಬಂದ್ರನ ಆ ವರ್ಷ ಪೆನ್ಷನ್ನಿಗೆ ಹಿಡೀತಿದ್ರು. ವಾರಕ್ಕ ನೂರು-ನೂರರ ಎರಡು ನೌಕರಿ ಮಾಡಾಕಿಗೆ ಸೊನ್ನಿ. ಸ್ವಂತ ಕಸಬು ಎಷ್ಟಿದ್ರೂ ಕೂಡಸ್ತಾರ. ಮನಿ ಮನಿ ಕಸಾ ಹೊಡಿಯೋ ಹೆಂಗಸರೇ ಹೆಚ್ಚು ಈ ಸಂದಿನಾಗ ಬೀಳ್ತಾರಂತ ನಂಗನಸ್ತದ.

ಹಳೇ ಕ್ಲಾಸ್ 2ನ್ನ ತಗೀಬೇಕಂತ ಜಾರ್ಜ್ ಆಸ್ಬರ್ನ್ ಮಂತ್ರಿ ಇದ್ದಾಗನ ನಿರ್ಧಾರ ಆಗಿತ್ತು. ಆದ್ರ ಕಡಿಮಿ ಗಳಸೋರು ಸ್ವ-ಇಚ್ಛಾದಿಂದ ಕಟ್ಟಿ ವರ್ಷ ಉಳಿಸಿಕೊಳ್ಳಲಿಕ್ಕೆ ಇದ್ದ ಅಗ್ಗದ ದಾರಿನ ಅದು. ಅದನ್ನ ಮುಚ್ಚಿದ್ರ ಅವರು ಐದು ಪಟ್ಟು ಹೆಚ್ಚಿನ ಕ್ಲಾಸ್ 3 ಕಟ್ಟಬೇಕಾಗ್ತಿತ್ತು. ಅದಕ್ಕ 2018ರಾಗ ಕೈ ಬಿಟ್ರು. ಕಡೀಕ 2024ರ ಏಪ್ರಿಲ್ 6ರಿಂದ ಹಿಂಗ ಮಾಡ್ಯಾರ: ಲಾಭ ವರ್ಷಕ್ಕ 12,570 ಪೌಂಡ್ ದಾಟಿದ್ರ ಕ್ಲಾಸ್ 4 ಅಷ್ಟ, 100ಕ್ಕ 6 (50,270ರ ಮ್ಯಾಲಿನದಕ್ಕ 2). 2024-25ರಾಗ ಲಾಭ 6,725 ಮುಟ್ಟಿ 12,570ರ ಒಳಗಿದ್ರ ಏನೂ ಕಟ್ಟೋದು ಇರಲಿಲ್ಲ, ಆದ್ರ ಕಟ್ಟಿದಂಗನ ಅಂತ ತಿಳದು ವರ್ಷ ಬರ್ಕೊಳ್ತಿದ್ರು. 6,725ರ ಕೆಳಗಿದ್ರ, ಬೇಕಂದ್ರ ನೀವ ಆ ವರ್ಷ ವಾರಕ್ಕ 3.45 ಪೌಂಡ್ ಕಟ್ಟಬಹುದಿತ್ತು.

ಇದನ್ನ ಓದಿ ಮನಿಗೆ ಬಂದು, ತಂಗಿನ್ನ ಒಲಿ ಮುಂದಿಂದ ಎಬಿಸಿ ಕೂಡಿಸಿದೆ. "ಬ್ಲೌಸಿಂದು ಖರ್ಚು ಕಳದು ಎಷ್ಟ?"

"4,200."

"ಚಕ್ಲಿದು?"

"2,900."

ಕೂಡಿಸಿದ್ರ 7,100. ಬರೇ ಬ್ಲೌಸ್ ತೋರಿಸಿದ್ರ 6,725ರ ಕೆಳಗ, ಆ ವರ್ಷ ಖಾಲಿ. ಖಾಲಿ ಬಿಡಬಾರದಂದ್ರ 52 ವಾರಕ್ಕ 179 ಪೌಂಡ್ 40 ಪೆನ್ಸ್ ಕೈಯಿಂದ ಹಾಕಬೇಕು. ಚಕ್ಲಿನೂ ತೋರಿಸಿದ್ರ ಗೆರಿ ದಾಟ್ತದ, ಒಂದು ಪೆನ್ನಿ ಕೊಡದ ವರ್ಷ ಆಕಿ ಹೆಸರಿಗೆ ಬೀಳ್ತದ! ಟ್ಯಾಕ್ಸಿನ ಹೆದರಿಕಿ ಇತ್ತಲ್ಲ, ಅದಕ್ಕ ಸಾಲಿಯ ಪಗಾರನೂ ಕೂಡಿಸಿ ನೋಡಿದ್ವಿ. ವಾರಕ್ಕ 100ರಂಗ 5,200. ಎಲ್ಲಾ ಸೇರಿ 12,300. ಟ್ಯಾಕ್ಸ್ ಶುರು ಆಗೋದು 12,570ರ ಮ್ಯಾಲೆ. ಮುಚ್ಚಿಡೋದು ತಪ್ಪು ಅನ್ನೋದು ಇದ್ದೇ ಇತ್ತು. ಮುಚ್ಚಿಟ್ರ ಆಕಿದೇ ಲುಕ್ಸಾನು ಅಂತ ಆವತ್ತು ತಿಳೀತು. ಮುಂದಿನ ವರ್ಷ ಲಾಭ ಹೆಚ್ಚಾದ್ರ ಟ್ಯಾಕ್ಸ್ ಬರ್ತದ, ಬರಲಿ, ಕಟ್ಟಲಿ.

ಪೂರ್ತಿ ಪೆನ್ಷನ್ನಿಗೆ 35 ವರ್ಷ ಬೇಕು, ಕನಿಷ್ಠ 10. ಪೂರ್ತಿ ಅಂದ್ರ 2025-26ರಾಗ ವಾರಕ್ಕ 230.25 ಪೌಂಡ್. ಈ ಹೊಸ ಪೆನ್ಷನ್ 2016ರಿಂದ ಬಂದದ್ದು, ಇದರಾಗ ಗಂಡನ ದಾಖಲಿ ಮ್ಯಾಲೆ 60 ತೊಗೊಳ್ಳೋ ದಾರಿ ಇಲ್ಲ. ನಿಮ್ಮ ವರ್ಷ ನಿಮ್ಮವು. ತಂಗಿ ತನ್ನ ದಾಖಲಿ ಯಾವತ್ತೂ ನೋಡಿರಲಿಲ್ಲ. ಆವತ್ತು ರಾತ್ರಿ ಮಗನ ಕಡೆ ಸರಕಾರದ ವೆಬ್‌ಸೈಟಿನಾಗ ತಗಸಿದ್ಲು. ಮಗ ಹುಟ್ಟಿದ್ದು 2009ರ ಮಾರ್ಚಿನಾಗ. ಅವಗ 12 ತುಂಬೋ ತನಕ, ಚೈಲ್ಡ್ ಬೆನಿಫಿಟ್ ತೊಗೊಳ್ತಿದ್ದ ಕಾರಣಕ್ಕ, ವರ್ಷಗಳು ತಾವ ಬಿದ್ದಿದ್ವು. ಕೂಸು ಸಾಕಿದ್ದಕ್ಕೂ ಅಲ್ಲಿ ಲೆಕ್ಕ ಅದ. ಆಮ್ಯಾಲೆ 2021-22, 22-23, 23-24, ಮೂರೂ ಖಾಲಿ. ಬ್ಲೌಸಿನ ಲೆಕ್ಕ ತಪ್ಪದ ತುಂಬ್ಯಾಳ, ಆದ್ರ ಸ್ವ-ಇಚ್ಛಾದ ಕ್ಲಾಸ್ 2 ಕಟ್ಟೀನಿ ಅನ್ನೋ ಸಣ್ಣ ಚೌಕದಾಗ ಗುರುತು ಹಾಕಿಲ್ಲ. ಅದು ಏನಂತನ ಗೊತ್ತಿರಲಿಲ್ಲ ಆಕಿಗೆ.

"ಮೂರು ವರ್ಷ ಹೊಲದದ್ದು ಎಲ್ಲಿ ಹೋತ ಅಕ್ಕಾ?" ಅಂದ್ಲು. ಕಣ್ಣಾಗ ನೀರು ಬಂದಿದ್ವು.

ಹೋಗಿಲ್ಲ. ಆರು ವರ್ಷದ ಹಿಂದಿನ ತನಕ ತುಂಬಲಿಕ್ಕೆ ಬರ್ತದ. ಆದ್ರ ಯಾವ ವರ್ಷಕ್ಕ ಎಷ್ಟು ಅಂತ ಆಫೀಸಿಗೆ ಫೋನ್ ಮಾಡಿ ಕೇಳಿನ ಕಟ್ಟಬೇಕು, ಸುಮ್ನ ರೊಕ್ಕ ಹಾಕಬಾರದು. ಮರುದಿನ ಫೋನ್ ಹಚ್ಚಿದ್ಲು. ನಲವತ್ತು ನಿಮಿಷ ಪಾಳಿಯೊಳಗ ಹಾಡು ಕೇಳಿಸಿದ್ರು, ಅಷ್ಟರಾಗ ನಾ ಎರಡು ಘಾಣ ಚಕ್ಲಿ ತಗದೆ.

ರಿಟರ್ನ್ ತುಂಬೋ ದಿನ ಮಾಸಿನೂ ಬಂದು ಕೂತ್ರು. ತಂಗಿ ಮಗ ಮೊದಲನೇ ಪುಟದಾಗ 'ಹೊಲಿಗಿ' ಅಂತ ಹೊಡದು, ಎರಡನೇ ಪುಟ ತಗದು, ಇದಕ್ಕೇನು ಹೆಸರು ಬರೀಲಿ ಅಂತ ಕೇಳಿದ. ತಂಗಿ ನನ್ನ ಮುಖಾ ನೋಡಿದ್ಲು. ಮಾಸಿ ಅಷ್ಟರಾಗ ಡಬ್ಬಿಗೆ ಕೈ ಹಾಕಿ ಒಂದು ಚಕ್ಲಿ ಮುರದು ಬಾಯಾಗ ಹಾಕ್ಕೊಂಡು, "ಚಕ್ರಿ ಬರೀ" ಅಂದ್ರು. ಅವರ ಕಡೆ ಚಕ್ರಿನ ಅನ್ನೋದು.